ದೂರದ ಊರುಗಳ ಪಕ್ಷದ ಘಟಕಗಳ ಜೊತೆ ನಂಟು ಬೆಳೆಸುವುದು ಹೇಗೆ? ಅನುಭವ ಇದ್ದವರು ಹೇಳಿ

ಕೇರಳದ ಕುಂಬಳೆಯಿಂದ ಪ್ರಶ್ನೆ: ನಾನು ನಮ್ಮ ಪಕ್ಷದ ವಾರ್ಡ್ ಸಮಿತಿಯಲ್ಲಿದ್ದೇನೆ. ತಮಿಳುನಾಡಿನ ತಾಳವಾಡಿ, ಮಹಾರಾಷ್ಟ್ರದ ಜತ್ತ, ಆಂಧ್ರದ ಮಡಕಶಿರಾ ಕಡೆಯ ಕನ್ನಡಿಗ ಕಾರ್ಯಕರ್ತರ ಜೊತೆ ಸಂಪರ್ಕ ಬೆಳೆಸಬೇಕೆಂದು ನಮ್ಮಲ್ಲಿ ಮಾತಾಗಿದೆ. ಅಲ್ಲಿ ಯಾರ ಪರಿಚಯವೂ ಇಲ್ಲ. ಎಲ್ಲಿಂದ ಶುರು ಮಾಡುವುದು? ಯಾವ ಪಕ್ಷದವರಾದರೂ ಸರಿ, ಮಾಡಿ ನೋಡಿದವರು ತಿಳಿಸಿ.

ಬದಿಯಡ್ಕ: ಮೊದಲು ನಿಮ್ಮ ಜಿಲ್ಲಾ ಸಮಿತಿಗೆ ಹೇಳಿ. ಕುಂಬಳೆ ಒಂದು ರಾಜ್ಯ ಸಮಿತಿಯ ಕೆಳಗೆ, ತಾಳವಾಡಿ ಇನ್ನೊಂದರ ಕೆಳಗೆ. ಮೇಲಿನವರಿಗೆ ಗೊತ್ತಿಲ್ಲದೆ ಪತ್ರ ಹೋದರೆ ಆ ಕಡೆಯ ಕಾರ್ಯದರ್ಶಿ ಉತ್ತರ ಬರೆಯಲು ಹಿಂಜರಿಯುತ್ತಾರೆ. ಗುಂಪುಗಾರಿಕೆ ಎಂಬ ಅನುಮಾನವೂ ಅವರ ತಲೆಗೇ ಬರುತ್ತದೆ.

ಅದಕ್ಕಿಂತ ಮುಖ್ಯವಾದದ್ದು, ಕೂಡಿ ಮಾಡುವ ಕೆಲಸ ಒಂದು ಬೇಕು. ನಾವೆಲ್ಲ ಗಡಿ ಕನ್ನಡಿಗರು ಎಂಬ ಅಭಿಮಾನದಲ್ಲಿ ಮೊದಲ ಸಭೆ ಚೆನ್ನಾಗಿಯೇ ನಡೆಯುತ್ತದೆ, ಆಮೇಲೆ ಹಬ್ಬದ ಶುಭಾಶಯ ಮಾತ್ರ ಉಳಿಯುತ್ತದೆ. ನಮಗೆ ಒದಗಿಬಂದದ್ದು ಶಾಲೆಯ ವಿಷಯ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಶಿಕ್ಷಕರ ನೇಮಕವಾದಾಗ ಕಾಸರಗೋಡಿನಲ್ಲಿ ಹೋರಾಟ ನಡೆದದ್ದು ನಿಮಗೆ ಗೊತ್ತೇ ಇದೆ. ಆಗ ಬರೆದ ಮನವಿಗಳನ್ನು ಆ ಕಡೆಯವರಿಗೆ ಕಳುಹಿಸಿಕೊಟ್ಟೆವು. ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಬಗ್ಗೆ ಹೇಳುವ ಸಂವಿಧಾನದ 350ಎ ವಿಧಿ ಎಲ್ಲ ರಾಜ್ಯಕ್ಕೂ ಒಂದೇ. ಕೇರಳದಲ್ಲಿ ಅದರ ಜೊತೆಗೆ 1969ರ ಅಧಿಕೃತ ಭಾಷಾ ಕಾಯ್ದೆ ಇದೆ. ಸರ್ಕಾರಕ್ಕೆ ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಅದು ಕೊಟ್ಟಿದೆ. ಇದನ್ನೆಲ್ಲ ಓದಿದ ಮೇಲೆ ಅವರೇ ಫೋನ್ ಮಾಡತೊಡಗಿದರು: ನಮ್ಮ ರಾಜ್ಯದಲ್ಲಿ ಯಾವ ಆದೇಶ ಇದೆ, ಯಾರನ್ನು ಕೇಳುವುದು ಎಂದು.

ಜತ್ತ: ಬದಿಯಡ್ಕದವ್ರು ಹೇಳಿದ್ದು ಖರೆ ಅದ. ಆದ್ರ ನಮ್ಮ ಕಡೆ ಬರೋರು ಇನ್ನೊಂದು ತಿಳ್ಕೋಬೇಕ್ರಿ. ಕೇರಳದಾಗ ಪಂಚಾಯ್ತಿ ಚುನಾವಣಿ ಪಕ್ಷದ ಚಿಹ್ನಿ ಮ್ಯಾಲ ನಡೀತದ. ಮಹಾರಾಷ್ಟ್ರದಾಗ ಗ್ರಾಮಪಂಚಾಯ್ತಿಗೆ ಪಕ್ಷದ ಚಿಹ್ನಿ ಇರೂದಿಲ್ಲ, ಊರಾಗ ಪ್ಯಾನೆಲ್ ಕಟ್ಟಿ ನಿಲ್ತಾರ. ಒಂದ ಪಕ್ಷದವ್ರು ಎರಡು ಪ್ಯಾನೆಲ್‌ನ್ಯಾಗ ಎದುರುಬದುರು ನಿಲ್ಲೂದೂ ಅದ. ಹಿಂಗಾಗಿ ಉಮದಿಗೋ ಸಂಖಕ್ಕೋ ಬಂದು ವಾರ್ಡ್ ಸಮಿತಿ ಎಲ್ಲದ ಅಂತ ಕೇಳಿದ್ರ ಯಾರಿಗೂ ತಿಳಿಯಂಗಿಲ್ಲ. ಪಕ್ಷ ಕಾಣೂದು ಪಂಚಾಯತ್ ಸಮಿತಿ, ಜಿಲ್ಲಾ ಪರಿಷತ್ ಮಟ್ಟದಾಗ. ತಾಲೂಕಾ ಅಧ್ಯಕ್ಷರನ್ನ ಹಿಡೀರಿ.

ಮತ್ತ ನಮ್ಮಲ್ಲಿ ಮೊದಲ ಮಾತು ನೀರು. ಮ್ಹೈಸಾಳ ಯೋಜನಾದ ನೀರು ಪೂರ್ವ ಭಾಗದ ಹಳ್ಳಿಗೆ ಬರ್ಲಿ ಅಂತ ಎಷ್ಟೋ ವರ್ಷದಿಂದ ಕೇಳ್ಕೋತ ಬಂದೀವಿ. ಆ ಮಾತು ಪೂರಾ ಕೇಳ್ರಿ, ಆಮ್ಯಾಲ ಶಾಲಿ ವಿಷಯ ತಗೀರಿ.

ತಾಳವಾಡಿ: ನಮ್ಮಲ್ಲೂ ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ, ಅದರ ಮೇಲಿನ ಪಂಚಾಯತ್ ಯೂನಿಯನ್ (ಬ್ಲಾಕ್) ಮಟ್ಟದಿಂದ ಇದೆ. ಕೇರಳದ ಗೆಳೆಯರಿಗೆ ನನ್ನದೊಂದು ಕೋರಿಕೆ. 2024ರ ಲೋಕಸಭಾ ಚುನಾವಣೆಯಲ್ಲಿ ನಿಮ್ಮಲ್ಲಿ ಕಾಂಗ್ರೆಸ್ಸೂ ಎಡಪಕ್ಷಗಳೂ ಎದುರಾಳಿಗಳು, ನಮ್ಮಲ್ಲಿ ಎರಡೂ ಡಿಎಂಕೆ ಮೈತ್ರಿಕೂಟದಲ್ಲಿದ್ದವು. ನಿಮ್ಮೂರಿನ ಆವೇಶದ ಭಾಷಣವನ್ನು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದರೆ, ನಾವು ಜೊತೆಯಲ್ಲಿ ಮನೆಮನೆಗೆ ಹೋಗಬೇಕಾದವರನ್ನೇ ಬೈದ ಹಾಗಾಗುತ್ತದೆ. ದಯವಿಟ್ಟು ಹಾಕಬೇಡಿ. ರಾಜ್ಯದ ಜಗಳ ರಾಜ್ಯದಲ್ಲೇ ಇರಲಿ.

ಭೇಟಿಗೆ ಮೈಸೂರು ಅನುಕೂಲ. ನಮಗೆ ಚಾಮರಾಜನಗರ ಪಕ್ಕದಲ್ಲೇ. ಜಿಲ್ಲಾ ಕೇಂದ್ರ ಈರೋಡಿಗೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು, ರಾತ್ರಿ ಆ ರಸ್ತೆಯಲ್ಲಿ ವಾಹನ ನಿರ್ಬಂಧ ಬೇರೆ. ಸಭೆಯನ್ನು ಬೆಳಗ್ಗೆಯೇ ಇಟ್ಟುಕೊಳ್ಳಿ. ಕಾಡಂಚಿನ ರೈತರು ಆನೆಗಳಿಂದ ಬೆಳೆ ಕಾಯಲು ಕತ್ತಲಾಗುವಷ್ಟರಲ್ಲಿ ಹೊಲಕ್ಕೆ ವಾಪಸಾಗಬೇಕು.

ಮಂಜೇಶ್ವರ: ಖರ್ಚಿನ ಬಗ್ಗೆ ಮೊದಲೇ ಮಾತಾಡಿಕೊಳ್ಳಿ. ಅವರವರ ಬಸ್ ಚಾರ್ಜು ಅವರವರದೇ, ಘಟಕದಿಂದ ಘಟಕಕ್ಕೆ ಹಣ ಹೋಗುವುದು ಬೇಡ. ಪ್ರತಿ ಘಟಕದಿಂದ ಇಬ್ಬರಾದರೂ ಸಂಪರ್ಕದಲ್ಲಿರಲಿ, ಕಾರ್ಯದರ್ಶಿ ಬದಲಾದರೆ ಎಲ್ಲ ನಿಂತುಹೋಗುತ್ತದೆ. ಎಳೆಯ ಕಾರ್ಯಕರ್ತರಲ್ಲಿ ತುಂಬ ಮಂದಿ ಮಲಯಾಳ, ಮರಾಠಿ, ತೆಲುಗು ಮಾಧ್ಯಮದಲ್ಲಿ ಕಲಿತವರು. ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಓದುವುದು ನಿಧಾನ. ಉದ್ದ ಪತ್ರಕ್ಕಿಂತ ಧ್ವನಿ ಸಂದೇಶ ಕಳುಹಿಸಿ.

ಮಡಕಶಿರಾಕ್ಕೆ ನೇರವಾಗಿ ಹುಡುಕುತ್ತಾ ಹೋಗಬೇಡಿ. ಪಾವಗಡ, ಮಧುಗಿರಿಯ ನಿಮ್ಮ ಪಕ್ಷದವರನ್ನು ಕೇಳಿ, ಅವರಿಗೆ ಅಲ್ಲಿ ನೆಂಟರಿಷ್ಟರು ಇರುತ್ತಾರೆ. ಜತ್ತಕ್ಕಾದರೆ ವಿಜಯಪುರದವರನ್ನು ಕೇಳಿ.