ವೈರ್‌ಲೆಸ್ ಥರ್ಮೋಸ್ಟಾಟ್ ಸಿಗ್ನಲ್ ಹೋದ್ರೆ ಬಾಯ್ಲರ್ ಏನ್ ಮಾಡತ್ತೆ? ಡಿಸೆಂಬರಲ್ಲಿ ಊರಿಗೆ ಹೊರಟಿದ್ದೀವಿ

ಮಿಲ್ಟನ್‌ಕೀನ್ಸ್_ಮಂಡ್ಯ:
ಎಲ್ರಿಗೂ ನಮಸ್ಕಾರ. ಇಲ್ಲಿ ಯುಕೆನಲ್ಲಿ ಬಾಡಿಗೆ ಮನೆ, ಕಾಂಬಿ ಬಾಯ್ಲರು (ಮನೆ ಬೆಚ್ಚಗಿಡೋಕೂ ನಲ್ಲಿಯ ಬಿಸಿನೀರಿಗೂ ಒಂದೇ ಗ್ಯಾಸ್ ಬಾಯ್ಲರು), ಹಾಲಲ್ಲಿ ಟೇಬಲ್ ಮೇಲಿಡೋ ವೈರ್‌ಲೆಸ್ ಥರ್ಮೋಸ್ಟಾಟು, ಮನೆ ಎಷ್ಟು ಬೆಚ್ಚಗಿರ್ಬೇಕು ಅಂತ ಅದರಲ್ಲೇ ಸೆಟ್ ಮಾಡೋದು, ಅದರ ರಿಸೀವರ್ ಅಡುಗೆಮನೇಲಿ ಬಾಯ್ಲರ್ ಪಕ್ಕ ಗೋಡೇಲಿದೆ. ಹೋದ ವಾರ ಎರಡು ಸಲ ಕೈ ಕೊಡ್ತು. ಬೆಳಿಗ್ಗೆ ಎದ್ರೆ ಮನೆ 13 ಡಿಗ್ರಿ, ಮಗಳು ಎರಡು ಸ್ವೆಟರ್ ಹಾಕ್ಕೊಂಡು ಹಾಲು ಕುಡೀತಾ ಕೂತಿದಾಳೆ, ರಿಸೀವರಲ್ಲಿ ಕೆಂಪು ಲೈಟು ಮಿಣಮಿಣ ಅಂತಿದೆ. ತಮಾಷೆ ಅಂದ್ರೆ ನಲ್ಲೀಲಿ ಬಿಸಿನೀರು ಮಾತ್ರ ಆರಾಮಾಗಿ ಬರ್ತಿದೆ! ವೈಫೈ ಆಫ್ ಮಾಡಿ ಆನ್ ಮಾಡ್ದೆ, ಏನೂ ಆಗ್ಲಿಲ್ಲ. ನನ್ನ ತಲೆಬಿಸಿ ಏನಂದ್ರೆ ಡಿಸೆಂಬರಲ್ಲಿ ಮೂರು ವಾರ ಮನೆ ಖಾಲಿ, ಆಗ ಹೀಗಾದ್ರೆ ಪೈಪ್ ಹೆಪ್ಪುಗಟ್ಟಿ ಒಡೆದು ಹೋಗತ್ತಾ, ಅಥ್ವಾ ಬಾಯ್ಲರ್ ಆನ್ ಆಗೇ ಉಳಿದು ಗ್ಯಾಸ್ ಬಿಲ್ ನೋಡಿ ನಾನು ಹೆಪ್ಪುಗಟ್ಟಬೇಕಾ?

ಹಳೇ_ಸರ್ಕೀಟು:
ಮೊದಲು ವೈಫೈ ಮೇಲಿನ ಸಿಟ್ಟು ಬಿಡಿ ಸರ್. ಇಂಟರ್ನೆಟ್ ಹೋದ್ರೆ ಹೋಗೋದು ಫೋನಲ್ಲಿರೋ ಆ್ಯಪ್ ಅಷ್ಟೇ, ಟೈಮಿಂಗ್ ಎಲ್ಲಾ ಸಾಮಾನ್ಯವಾಗಿ ಮನೆಯೊಳಗೇ ಇರತ್ತೆ, ಹೀಟಿಂಗ್ ತನ್ನ ಪಾಡಿಗೆ ನಡೀತಿರತ್ತೆ. 2025ರ ಅಕ್ಟೋಬರಲ್ಲಿ ಗೂಗಲ್‌ನವರು ತಮ್ಮ ಹಳೇ ನೆಸ್ಟ್ ಥರ್ಮೋಸ್ಟಾಟ್‌ಗಳಿಗೆ ಆ್ಯಪ್ ನಿಲ್ಸಿದ್ರಲ್ಲ, ಆಗ್ಲೂ ಕೈಯಲ್ಲಿ ತಿರುಗಿಸಿದ್ರೆ ಕೆಲಸ ಮಾಡ್ತಿದ್ವು. ನಿಮ್ಮಲ್ಲಿ ಕಡಿದಿರೋದು ಥರ್ಮೋಸ್ಟಾಟ್‌ಗೂ ರಿಸೀವರ್‌ಗೂ ಮಧ್ಯದ ರೇಡಿಯೋ. ಯೂರೋಪಲ್ಲಿ ಇದು ಸುಮಾರು ಮಾಡೆಲ್‌ಗಳಲ್ಲಿ 868 ಮೆಗಾಹರ್ಟ್ಸ್, ವೈಫೈಗೂ ಅದಕ್ಕೂ ನೆಂಟಸ್ತಿಕೆನೇ ಇಲ್ಲ.

ರಿಸೀವರ್ ಅಂದ್ರೆ ಬರೀ ಸ್ವಿಚ್ಚು, ಸ್ವಂತ ಬುದ್ಧಿ ಇಲ್ಲ. ಆ ಕಡೆಯಿಂದ ಆಗಾಗ ‘ಉರಿಸು’, ‘ನಿಲ್ಸು’ ಅಂತ ಹೇಳ್ತಿರ್ಬೇಕು. ಮಾತು ನಿಂತ್ರೆ ಸ್ವಲ್ಪ ಹೊತ್ತು ಕಾಯತ್ತೆ, ಕೆಲವು ಒಂದು ಗಂಟೆ ಕಾಯ್ತವೆ, ಆಮೇಲೆ ಆಫ್. ಇನ್ನು ಕೆಲವದರಲ್ಲಿ ಇನ್‌ಸ್ಟಾಲರ್ ಸೆಟ್ಟಿಂಗಲ್ಲಿ ಬದಲಾಯಿಸ್ಬೋದು, ಸಿಗ್ನಲ್ ಹೋದ್ರೆ ನೂರಕ್ಕೆ 20 ಪಾಲು ಹೊತ್ತು ಆನ್, 80 ಪಾಲು ಆಫ್, ಮನೆ ಬೆಚ್ಚಗಾಗಲ್ಲ ಆದ್ರೆ ತೀರಾ ಕೊರೆಯೋದೂ ಇಲ್ಲ. ಬಿಸಿನೀರಿನ ಗುಟ್ಟು ಸುಲಭ, ಕಾಂಬೀಲಿ ನಲ್ಲಿ ತಿರುಗಿಸಿದ್ರೆ ನೀರು ಹರಿಯೋದು ನೋಡಿ ಬಾಯ್ಲರ್ ತಾನೇ ಉರಿಯತ್ತೆ, ಥರ್ಮೋಸ್ಟಾಟನ್ನ ಕೇಳೋದೇ ಇಲ್ಲ.

ಧಾರವಾಡದಾಂವ:
ನಮ್ಮ ಮನ್ಯಾಗೂ ಹಿಂಗ ಆಗಿತ್ರೀ. ಹುಡುಗ್ರು ಮುಟ್ಟಬಾರ್ದಂತ ಥರ್ಮೋಸ್ಟಾಟ್ ಒಯ್ದು ಫ್ರಿಜ್ಜಿನ ಹಿಂದ ಇಟ್ಟಿದ್ವಿ, ಅಷ್ಟು ತಗಡ ದಾಟಿ ಸಿಗ್ನಲ್ ಹ್ಯಾಂಗ ಬರ್ಬೇಕ್ರಿ? ಅದಿರ್ಲಿ, ಒಳಗ ಯಾವ ಸೆಲ್ ಹಾಕೀರಿ? ಚಾರ್ಜ್ ಮಾಡೂವಂಥವು 1.2 ವೋಲ್ಟ್, ಸಾದಾ ಆಲ್ಕಲೈನ್ 1.5. ಡಿಸ್‌ಪ್ಲೇ ಛಲೋನ ಕಾಣಸ್ತದ, ರೇಡಿಯೋ ಕಳ್ಸೂ ಮುಂದ ಉಸಿರು ಬಿಡ್ತಾವ.

ಊರಿಗೆ ಹೋಗೂಕಿಂತ ಮೊದ್ಲ ಒಂದ್ ಪರೀಕ್ಷಾ ಮಾಡ್ರಿ. 25ಕ್ಕ ಏರಸ್ರಿ, ಬಾಯ್ಲರ್ ಉರೀಲಿಕ್ಕೆ ಹತ್ತಿದ ಮ್ಯಾಲ ಸೆಲ್ ಕಿತ್ತು ಮೇಜಿನ ಮ್ಯಾಲ ಇಟ್ಟು ಗಡಿಯಾರ ನೋಡ್ಕೋತ ಕೂಡ್ರಿ. ಎಷ್ಟೊತ್ತಿಗೆ ಆರ್ತದ, ಇಲ್ಲಾ ಆರೂದೇ ಇಲ್ಲೋ, ಕಣ್ಣಾರೆ ಗೊತ್ತಾಗ್ತದ. ನಮ್ಮ ಹಳೇ ಡಬ್ಬಿ ಆನ್ ಇದ್ರ ಆನೇ ಉಳೀತಿತ್ತು, ಒಂದ್ ರಾತ್ರಿ ಮನೀ ಅನ್ನೂದು ಕಲಬುರ್ಗಿ ಬ್ಯಾಸಗಿ ಆಗಿತ್ತು.

ಮ್ಯೂನಿಕ್_ಮಲ್ಲಿಗೆ:
ಪೈಪಿನ ವಿಷಯ ಯಾರೂ ಹೇಳ್ಲಿಲ್ಲ. ಈಗಿನ ಬಾಯ್ಲರ್‌ಗಳಲ್ಲಿ ಫ್ರಾಸ್ಟ್ ಪ್ರೊಟೆಕ್ಷನ್ ಇರತ್ತೆ, ಒಳಗಿನ ನೀರು 5 ಡಿಗ್ರಿ ಆಸುಪಾಸು ಇಳಿದ್ರೆ ರಿಸೀವರ್ ಏನೇ ಹೇಳ್ಲಿ ತಾನೇ ಹೊತ್ಕೊಳ್ಳತ್ತೆ. ಆದ್ರೆ ಅದು ಕಾಯೋದು ಬಾಯ್ಲರನ್ನ, ಅಟ್ಟದ ಮೇಲಿನ ಪೈಪನ್ನಲ್ಲ. ಕರೆಂಟ್ ಇಲ್ದಿದ್ರೆ ಅದೂ ಇಲ್ಲ, ನಮ್ಮೂರಲ್ಲಿ ಬೀಗ ಹಾಕೋವಾಗ ಮೇನ್ ಆಫ್ ಮಾಡೋ ಅಭ್ಯಾಸ ಇದ್ಯಲ್ಲ, ದಯವಿಟ್ಟು ಅಲ್ಲಿ ಅದನ್ನ ಮಾಡ್ಬೇಡಿ. ಬೇಕಿದ್ರೆ ಸ್ಟಾಪ್‌ಕಾಕ್, ಅಂದ್ರೆ ಮನೆಗೆ ಬರೋ ನೀರಿನ ಮೇನ್ ವಾಲ್ವ್, ಮುಚ್ಚಿ ಹೋಗಿ. ಪಕ್ಕದ ಮನೆಯವರ ಹತ್ರ ಒಂದು ಕೀ ಕೊಟ್ಟಿರಿ, ರಿಸೀವರ್ ಮೇಲೆ ಕೈಯಿಂದ ಆನ್ ಮಾಡೋ ಬಟನ್ ಇದ್ರೆ ಅದನ್ನೂ ತೋರ್ಸಿಬಿಡಿ.

ಮಿಲ್ಟನ್‌ಕೀನ್ಸ್_ಮಂಡ್ಯ:
ಧಾರವಾಡದ ಸರ್, ನಿಮ್ ಬಾಯಿಗೆ ಸಕ್ರೆ ಹಾಕ! ಒಳಗಿದ್ದಿದ್ದು ಮಗಳ ಆಟದ ಕಾರಿನ ಚಾರ್ಜಿಂಗ್ ಸೆಲ್ಲು, ನಾನೇ ದುಡ್ಡು ಉಳಿಸೋಕೆ ಹಾಕಿದ್ದೆ. ಆಲ್ಕಲೈನ್ ಹಾಕಿ ನಾಲ್ಕು ದಿನ ಆಯ್ತು, ಕೆಂಪು ಲೈಟಿಲ್ಲ. ಆಮೇಲೆ ಪರೀಕ್ಷೇನೂ ಮಾಡಿದೆ, ಸೆಲ್ ಕಿತ್ತ ಸರಿಯಾಗಿ ಒಂದು ಗಂಟೆಗೆ ಟಕ್ ಅಂತು, ಆಫ್. ಮಾಡೆಲ್ ನಂಬರ್ ಹಾಕಿ ಮ್ಯಾನ್ಯುಯಲ್ ಹುಡುಕ್ದೆ, ಆ 20-80 ಸೆಟ್ಟಿಂಗ್ ಇದೆ, ಆದ್ರೆ ಬಾಡಿಗೆ ಮನೆ ಅಲ್ವಾ, ಕೇಳ್ದೆ ಮುಟ್ಟೋದು ಬೇಡ ಅಂತ ಓನರ್‌ಗೆ ಮೆಸೇಜ್ ಹಾಕಿದೀನಿ. ಎರಡು ಟಿಕ್ಕೂ ನೀಲಿ ಆಗಿದೆ, ಉತ್ತರ ಇಲ್ಲ.