ದೊಡ್ಡ ಗೆಲಾಕ್ಸಿಯನ್ನು ಸೇರಿದ ಚಿಕ್ಕ ಗೆಲಾಕ್ಸಿ ಏನಾಗುತ್ತದೆ?

ಪ್ರಶ್ನೆ: ಪ್ರೌಢಶಾಲಾ ವಿಜ್ಞಾನ ಶಿಕ್ಷಕ, ವಿಜಯಪುರ

ನಮ್ಮ ಆಕಾಶಗಂಗೆಯು ಸುತ್ತಲಿನ ಕುಬ್ಜ ಗೆಲಾಕ್ಸಿಗಳನ್ನು ತನ್ನೊಳಗೆ ಸೇರಿಸಿಕೊಳ್ಳುತ್ತ ಬೆಳೆದಿದೆ ಎಂದು ಪಾಠ ಹೇಳುವಾಗ ವಿದ್ಯಾರ್ಥಿನಿಯೊಬ್ಬಳು, ನಕ್ಷತ್ರಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲವೆಂದಾದರೆ ಚಿಕ್ಕ ಗೆಲಾಕ್ಸಿ ಒಂದು ಕಡೆಯಿಂದ ಹೊಕ್ಕು ಮತ್ತೊಂದು ಕಡೆಯಿಂದ ಹೊರಟುಹೋಗಬೇಕಲ್ಲವೆ ಎಂದು ಕೇಳಿದಳು. ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕೆಂಬುದು ನನ್ನ ಆಸೆ. ಸೇರಿಹೋದ ಗೆಲಾಕ್ಸಿ ಹಿಂದೊಮ್ಮೆ ಇತ್ತೆಂದು ಈಗ ತಿಳಿಯುವುದು ಹೇಗೆ ಎಂಬುದನ್ನೂ ದಯವಿಟ್ಟು ವಿವರಿಸಿ.

ಉತ್ತರ 1: ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಬೆಳಗಾವಿ

ಗುರುಗಳೇ, ಮೊದಲ ಸಲ ಅದು ಹೊರಟೇ ಹೋಗುತ್ತದೆ. ಆ ವಿದ್ಯಾರ್ಥಿನಿಯ ಊಹೆ ಸರಿಯಾಗಿದೆ. ಸೂರ್ಯನ ವ್ಯಾಸ ಸುಮಾರು 14 ಲಕ್ಷ ಕಿಲೋಮೀಟರ್, ಅದಕ್ಕೆ ಅತಿ ಸಮೀಪದ ನಕ್ಷತ್ರವಿರುವುದು ಸುಮಾರು 40 ಲಕ್ಷ ಕೋಟಿ ಕಿಲೋಮೀಟರ್ ದೂರದಲ್ಲಿ. ಇಷ್ಟು ತೆರಪಿರುವಾಗ ನಕ್ಷತ್ರಗಳು ಡಿಕ್ಕಿಯಾಗುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಅನಿಲದ ಮೋಡಗಳು ಮಾತ್ರ ನಿಜವಾಗಿಯೂ ಡಿಕ್ಕಿಯಾಗುತ್ತವೆ.

ಆದರೆ ಚಿಕ್ಕ ಗೆಲಾಕ್ಸಿ ಹಾದುಹೋಗುವಾಗ ದಾರಿಯಲ್ಲಿರುವ ನಕ್ಷತ್ರಗಳನ್ನೂ ಕಪ್ಪುದ್ರವ್ಯವನ್ನೂ (ಕಣ್ಣಿಗೆ ಕಾಣದ, ಗುರುತ್ವದಿಂದಷ್ಟೇ ತಿಳಿಯುವ ದ್ರವ್ಯ) ತನ್ನತ್ತ ಸೆಳೆಯುತ್ತದೆ. ಅವು ಸರಿದು ಬರುವಷ್ಟರಲ್ಲಿ ಅದು ಮುಂದೆ ಸಾಗಿರುವುದರಿಂದ ಅದರ ಬೆನ್ನ ಹಿಂದೆ ದ್ರವ್ಯ ದಟ್ಟವಾಗಿ, ಆ ದಟ್ಟಣೆಯ ಗುರುತ್ವ ಅದನ್ನು ಹಿಂದಕ್ಕೆಳೆಯುತ್ತದೆ. ನಕ್ಷತ್ರಗಳ ನಡುವೆ ಚಲಿಸುವ ನಕ್ಷತ್ರವೊಂದರ ವೇಗ ಹೀಗೆ ಕುಗ್ಗುವುದನ್ನು ಸುಬ್ರಹ್ಮಣ್ಯನ್ ಚಂದ್ರಶೇಖರ್ 1943ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಗೆಲಾಕ್ಸಿಗಳಿಗೂ ಅದೇ ತತ್ತ್ವ ಅನ್ವಯಿಸುತ್ತದೆ. ಪ್ರತಿ ಸುತ್ತಿನಲ್ಲೂ ವೇಗ ಕಳೆದುಕೊಂಡು ಕಕ್ಷೆ ಕಿರಿದಾಗುತ್ತದೆ. ಇದರೊಡನೆ, ಸಮೀಪದ ಮಗ್ಗುಲಿನ ಮೇಲೆ ಸೆಳೆತ ಹೆಚ್ಚು, ದೂರದ ಮಗ್ಗುಲಿನ ಮೇಲೆ ಕಡಿಮೆ ಇರುವುದರಿಂದ ಅಂಚಿನ ನಕ್ಷತ್ರಗಳು ಕಳಚಿಕೊಂಡು ಕಕ್ಷೆಯುದ್ದಕ್ಕೂ ಹಿಂದೆ ಮುಂದೆ ಉದ್ದನೆಯ ಧಾರೆಗಳಾಗಿ ಹರಡುತ್ತವೆ. ಧನು ರಾಶಿಯ ಕುಬ್ಜ ಗೆಲಾಕ್ಸಿ ಈಗ ಇದೇ ಸ್ಥಿತಿಯಲ್ಲಿದೆ. ಅದರ ನಡುಭಾಗದಲ್ಲಿರುವ ಮೆಸಿಯರ್ 54 ಎಂಬ ನಕ್ಷತ್ರಗುಚ್ಛ 1778ರಲ್ಲೇ ಕಂಡಿದ್ದರೂ ಗೆಲಾಕ್ಸಿ ಪತ್ತೆಯಾದದ್ದು 1994ರಲ್ಲಿ, ಏಕೆಂದರೆ ಅದು ನಮ್ಮ ಆಕಾಶಗಂಗೆಯ ಕೇಂದ್ರದ ಆಚೆ ಬದಿಯಲ್ಲಿದೆ.

ಉತ್ತರ 2: ಹವ್ಯಾಸಿ ಆಕಾಶ ವೀಕ್ಷಕಿ, ಬಾಗಲಕೋಟೆ

ಎರಡನೆಯ ಪ್ರಶ್ನೆಗೆ ನನ್ನ ಉತ್ತರ. ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿದ ಮಲಪ್ರಭೆಯ ನೀರನ್ನು ಮುಂದೆ ಯಾರೂ ಬೇರೆಯಾಗಿ ತೋರಿಸಲಾರರು, ಆದರೆ ನಕ್ಷತ್ರಗಳನ್ನು ತೋರಿಸಬಹುದು. ಹೊರಗಿನಿಂದ ಬಂದ ನಕ್ಷತ್ರ ತನ್ನ ಕಕ್ಷೆಯ ವಿಶಿಷ್ಟ ಗತಿಯನ್ನೂ, ಹುಟ್ಟಿದಲ್ಲಿನ ಅನಿಲದ ರಾಸಾಯನಿಕ ಗುರುತನ್ನೂ ನೂರಾರು ಕೋಟಿ ವರ್ಷ ಉಳಿಸಿಕೊಳ್ಳುತ್ತದೆ. ನಕ್ಷತ್ರಗಳ ಸ್ಥಾನ, ಚಲನೆಗಳನ್ನು ಅಳೆದ ಗಾಯಾ ಉಪಗ್ರಹದ, 2018ರಲ್ಲಿ ಬಿಡುಗಡೆಯಾದ ಅಳತೆಗಳಲ್ಲಿ, ಕೇಂದ್ರದತ್ತ ನೇರವಾಗಿ ನುಗ್ಗಿ ಮತ್ತೆ ದೂರ ಸರಿಯುವ ಅಸಂಖ್ಯ ನಕ್ಷತ್ರಗಳು ಕಂಡವು. ಅವುಗಳಲ್ಲಿ ಕಬ್ಬಿಣಕ್ಕೆ ಹೋಲಿಸಿದರೆ ಮೆಗ್ನೀಸಿಯಂ ಕಡಿಮೆ, ಅಂದರೆ ಅವು ನಿಧಾನವಾಗಿ ನಕ್ಷತ್ರಗಳನ್ನು ಹುಟ್ಟಿಸಿದ ಚಿಕ್ಕ ಗೆಲಾಕ್ಸಿಯೊಂದರವು. ಸುಮಾರು 1000 ಕೋಟಿ ವರ್ಷಗಳ ಹಿಂದೆ ನಮ್ಮಲ್ಲಿ ಲೀನವಾದ ಅದಕ್ಕೆ ಗಾಯಾ-ಎನ್ಸೆಲಾಡಸ್ ಎಂದು ಹೆಸರಿಟ್ಟಿದ್ದಾರೆ.

ಮಕ್ಕಳಿಗೆ ಬರಿಗಣ್ಣಿನಿಂದಲೇ ತೋರಿಸಬಹುದಾದದ್ದೂ ಒಂದಿದೆ. ಮೇ ತಿಂಗಳಲ್ಲಿ ರಾತ್ರಿ ಹತ್ತು ಗಂಟೆಯ ಸುಮಾರಿಗೆ, ಊರಿನ ದೀಪಗಳಿಂದ ದೂರ ಹೋಗಿ ದಕ್ಷಿಣಕ್ಕೆ ನೋಡಿದರೆ, ದಿಗಂತದಿಂದ ಸುಮಾರು 25 ಡಿಗ್ರಿ ಎತ್ತರದಲ್ಲಿ ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ ಮಸುಕಾದ ಚುಕ್ಕೆಯಾಗಿ ಕಾಣುತ್ತದೆ. ಬೈನಾಕ್ಯುಲರ್ ಇದ್ದರೆ ಇನ್ನೂ ಒಳ್ಳೆಯದು. ಸುಮಾರು 17,000 ಜ್ಯೋತಿರ್ವರ್ಷ ದೂರದ ಈ ಗುಚ್ಛವು ಹೊರಪದರವೆಲ್ಲ ಕಳಚಿಹೋದ ಕುಬ್ಜ ಗೆಲಾಕ್ಸಿಯ ತಿರುಳು ಎಂದು ಅನೇಕ ಖಗೋಳ ವಿಜ್ಞಾನಿಗಳು ಭಾವಿಸುತ್ತಾರೆ. ಅದರ ನಡುವೆ ಸೂರ್ಯನ 8,200 ಪಟ್ಟಿಗಿಂತ ಕಡಿಮೆಯಿಲ್ಲದ ದ್ರವ್ಯರಾಶಿಯ ಕಪ್ಪುಕುಳಿ ಇರುವುದಕ್ಕೆ 2024ರಲ್ಲಿ ದೊರೆತ ಪುರಾವೆ ಈ ಅಭಿಪ್ರಾಯವನ್ನು ಬಲಪಡಿಸಿದೆ.

ಉತ್ತರ 3: ಎಂ.ಎಸ್ಸಿ. ವಿದ್ಯಾರ್ಥಿ, ಬೆಳಗಾವಿ

ಹಿರಿಯರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಚಿಕ್ಕದು ಕೇವಲ ಎಳೆತಕ್ಕೆ ಒಳಗಾಗುತ್ತದೆ ಎಂದು ಮಕ್ಕಳು ತಿಳಿಯಬಾರದು. ಸುಮಾರು 1,60,000 ಜ್ಯೋತಿರ್ವರ್ಷ ದೂರದ ದೊಡ್ಡ ಮೆಗೆಲ್ಲನ್ ಮೋಡವು (ಹೆಸರು ಮೋಡವೆಂದಿದ್ದರೂ ಇದೊಂದು ಚಿಕ್ಕ ಗೆಲಾಕ್ಸಿ) ನಮ್ಮ ಆಕಾಶಗಂಗೆಯ ಒಳಭಾಗವನ್ನೇ ತನ್ನತ್ತ ಸರಿಸಿದೆ. ನೆರೆಯ ದೊಡ್ಡ ಗೆಲಾಕ್ಸಿಯಾದ ಆಂಡ್ರೊಮಿಡಾದೊಡನೆ ನಾವು ಒಂದಾಗುವುದು ಖಚಿತವೆಂದು ಬಹುಕಾಲ ನಂಬಲಾಗಿತ್ತು. ಈ ಮೋಡದ ಸೆಳೆತವನ್ನೂ ಸೇರಿಸಿ 2025ರಲ್ಲಿ ಪ್ರಕಟವಾದ ಲೆಕ್ಕಾಚಾರದ ಪ್ರಕಾರ, ಮುಂದಿನ 1000 ಕೋಟಿ ವರ್ಷಗಳಲ್ಲಿ ಹಾಗಾಗುವ ಸಂಭವ ಸುಮಾರು ಅರ್ಧದಷ್ಟು ಮಾತ್ರ.