ಡ್ರಾಕುಲಾನಿಗೂ ಒಂದು ಉತ್ತರಕಾಂಡ

ಆಷಾಢದ ಮಳೆ ಹಿಡಿದುಕೊಂಡರೆ ನಮ್ಮ ಶಿರಸಿ ಕಡೆ ಪುಸ್ತಕಕ್ಕೂ ಬೂಷ್ಟು ಬರುತ್ತದೆ. ಹೆಗಡೆ ಭಾವನ ಮಗ, ನಮ್ಮೆಲ್ಲರ ಮಾಣಿ, ಬೆಂಗಳೂರಿಂದ 'ಡ್ರಾಕುಲಾ ದಿ ಅನ್-ಡೆಡ್' ತಂದಾಗ ಅದರ ರಟ್ಟು ಪಳಪಳ ಹೊಳೆಯುತ್ತಿತ್ತು. ನಾಲ್ಕು ಮನೆ ಸುತ್ತಿ ವಾಪಸ್ ಬರುವಷ್ಟರಲ್ಲಿ ಸುಟ್ಟ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಮೊನ್ನೆ ಸಂಜೆ ಜಗುಲಿಯಲ್ಲಿ ಕೂತು ಪುಟ ತಿರುಗಿಸುತ್ತಿದ್ದ ಮಾಣಿ ಒಂದು ಕಡೆ ಗಕ್ಕನೆ ನಿಂತ. ಪುಟದ ಮೂಲೆಯಲ್ಲಿ ಕೆಂಪು ಕಲೆ.

"ರಕ್ತ!"

"ಕವಳ," ಅಂದಳು ಅಕ್ಕ, ಎಲೆಅಡಿಕೆ ಜಗಿಯುತ್ತಿದ್ದ ಗಂಡನ ಬಾಯಿ ನೋಡುತ್ತ.

ಭಾವ ತುಟಿ ಒರೆಸಿಕೊಂಡು ತೋಟದ ಕಡೆ ತಿರುಗಿದ.

ಮಧ್ಯಾಹ್ನದಿಂದ ಕರೆಂಟ್ ಇರಲಿಲ್ಲ. ನೆಟ್‌ವರ್ಕ್ ಅಂತೂ ಕೇಳಲೇಬೇಡಿ. ಹಾಗಾಗಿ ಮಾಣಿಯ ವರ್ಕ್ ಫ್ರಮ್ ಹೋಂ ಬರೀ ಹೋಂ ಆಗಿತ್ತು. ಮಾಸ್ತರು ಬಂದಿದ್ದರು. ಇಂಗ್ಲಿಷ್ ಕಲಿಸಿ ನಿವೃತ್ತಿಯಾದವರು. ಈಗಲೂ ಯಾರಾದರೂ ತಪ್ಪು ಹೇಳಿದರೆ ಬಲಗೈ ಸೀಮೆಸುಣ್ಣ ಹುಡುಕುತ್ತದೆ. ಅಂಕೋಲೆಯ ನಾಯಕರು ನೌಕರಿಗೆ ಅಂತ ಘಟ್ಟ ಹತ್ತಿ ಬಂದು ಇಲ್ಲೇ ಉಳಿದವರು. ಮೀನು ಸಿಗದ ದಿನ ಅವರಿಗೆ ಯಾವ ಪುಸ್ತಕವೂ ಹಿಡಿಸುವುದಿಲ್ಲ. ಇವರ ಜೊತೆ ನಾನು, ಮತ್ತು ಒಂದು ತಪ್ಪಲೆ ಕಷಾಯ.

"ರಕ್ತ ಹೀರುವ ಡ್ರಾಕುಲಾನ ಮೊದಲನೇ ಪುಸ್ತಕ ಬಂದದ್ದು 1897ರಲ್ಲಿ," ಅಂತ ಮಾಸ್ತರು ಶುರು ಮಾಡಿದರು. "ಬರೆದ ಬ್ರಾಮ್ ಸ್ಟೋಕರ್ 1912ರಲ್ಲಿ ಹೋದ. ಇದು ಬಂದದ್ದು 2009ರಲ್ಲಿ. 112 ವರ್ಷ ಎಲ್ಲರೂ ಆರಾಮ ಇದ್ದರು. ಯಾರು ಕೇಳಿದ್ದರು ಎರಡನೇ ಭಾಗ?"

"ಬರೆದವರು ಯಾರು ಹಾಗಾದರೆ?" ನಾಯಕರು.

"ಡೇಕರ್ ಸ್ಟೋಕರ್ ಅಂತ. ಬ್ರಾಮನ ತಮ್ಮನ ಮರಿಮಗ. ಜೊತೆಗೆ ಸಿನಿಮಾಕ್ಕೆ ಬರೆಯುವ ಇಯಾನ್ ಹೋಲ್ಟ್."

"ದಾಯಾದಿ!" ಭಾವ ಎದ್ದು ಕೂತ. ಅಲ್ಲಿಯವರೆಗೆ ಅವನಿಗೆ ಕಥೆಯಲ್ಲಿ ರುಚಿ ಇರಲಿಲ್ಲ. "ಹಿಸ್ಸೆ ಕೇಳಲಿಕ್ಕೆ ಬಂದಿದ್ದಾನೆ ನೋಡು. ಇಷ್ಟು ವರ್ಷ ಎಲ್ಲಿದ್ದ?"

ಮಾಸ್ತರು ಇಲ್ಲಿ ಸ್ವಲ್ಪ ಮೆತ್ತಗಾದರು. ಆ ಮನೆಯವರ ಪಾಡೂ ಪಾಪ ಅಂಥದ್ದೇ. ಅಮೆರಿಕದಲ್ಲಿ ಹಕ್ಕು ದಾಖಲಿಸುವ ಕ್ರಮದಲ್ಲಿ ಏನೋ ಬಿಟ್ಟುಹೋಗಿ ಅಲ್ಲಿ ಪುಸ್ತಕ ಯಾರಪ್ಪನದೂ ಅಲ್ಲ ಅಂತಾಯಿತು. 1922ರಲ್ಲಿ ಜರ್ಮನಿಯವರು ಕೇಳದೆ ಹೇಳದೆ 'ನೊಸ್ಫೆರಾಟು' ಸಿನಿಮಾ ತೆಗೆದರು. ಸ್ಟೋಕರನ ಹೆಂಡತಿ ಫ್ಲಾರೆನ್ಸ್ ಕೋರ್ಟ್ ಹತ್ತಿದಳು. ಪ್ರತಿಗಳನ್ನೆಲ್ಲ ನಾಶ ಮಾಡಿ ಅಂತ ಕೋರ್ಟ್ ಹೇಳಿತು. ಆದರೂ ಒಂದೆರಡು ಎಲ್ಲೋ ಉಳಿದುಕೊಂಡವು.

"ಪಹಣಿಯಲ್ಲಿ ಹೆಸರು ಹಾಕಿಸಲಿಕ್ಕೆ ಮರೆತ. ಬೇರೆಯವರು ಬೇಲಿ ಹಾಕಿದರು," ಅಂತ ಭಾವ ತಲೆದೂಗಿದ. ಅವನಿಗೆ ಈಗ ಡ್ರಾಕುಲಾ ಪೂರ್ತಿ ಅರ್ಥವಾಗಿತ್ತು.

"ನನ್ನ ತಕರಾರು ಬೇರೆ," ಅಂದರು ನಾಯಕರು. "ಡ್ರಾಕುಲಾ ಬಿಸಿಲಿಗೆ ಬಂದರೆ ಸುಟ್ಟು ಬೂದಿಯಾಗಬೇಕಲ್ವಾ? ಇವರು ಇದನ್ನೆಲ್ಲ ಸರಿಯಾಗಿ ನೋಡಿಕೊಂಡೇ ಬರೆದಿದ್ದಾರಾ?"

ಮಾಸ್ತರ ಬಲಗೈ ಮೇಲೆದ್ದಿತು. "ತಪ್ಪು! ಮೂಲದಲ್ಲಿ ಅವನು ಹಗಲು ಹೊತ್ತಿನಲ್ಲೇ ಲಂಡನ್ ಬೀದಿಯಲ್ಲಿ ತಿರುಗುತ್ತಾನೆ. ಹಗಲು ಶಕ್ತಿ ಕಮ್ಮಿ, ಅಷ್ಟೇ. ಬಿಸಿಲಿಗೆ ಸಾಯುವುದು ಆ ಕದ್ದ ಸಿನಿಮಾದವರು ಸೇರಿಸಿದ್ದು. ಇನ್ನೊಂದು ಹೇಳಿ, ಅವನನ್ನು ಕೊಂದದ್ದು ಎಂತದರಲ್ಲಿ?"

"ಮರದ ಗೂಟ," ಅಂದೆವು ನಾವು ಮೂವರೂ, ಒಂದನೇ ಕ್ಲಾಸಿನ ಹಾಗೆ.

"ಅದೂ ತಪ್ಪು. ಗೂಟ ಹೊಡೆದದ್ದು ಅವನು ಕಚ್ಚಿ ಪಿಶಾಚಿ ಮಾಡಿದ ಲೂಸಿಗೆ. ಡ್ರಾಕುಲಾನ ಕುತ್ತಿಗೆಗೆ ಜೊನಾಥನ್ ಹಾರ್ಕರ್ ಹಾಕಿದ್ದು ಕುಕ್ರಿ. ನಮ್ಮ ಗೂರ್ಖಾ ಕತ್ತಿ. ಎದೆಗೆ ಇಳಿದದ್ದು ಅಮೆರಿಕದವನ ಚಾಕು. ಹಾಗಾಗಿ ಅವನು ನಿಜವಾಗಿ ಸತ್ತನೋ ಇಲ್ಲವೋ ಅಂತ ಒಂದು ಸಂಶಯ ಉಳಿದೇ ಇತ್ತು. ಇವರು ಒಳಗೆ ನುಗ್ಗಿದ್ದೇ ಆ ಸಂದಿಯಿಂದ."

"ಮೆಟ್ಟುಗತ್ತಿ ತಗೊಂಡು ಹೋಗಿದ್ದರೆ ಎರಡನೇ ಭಾಗದ ಪ್ರಶ್ನೆಯೇ ಬರುತ್ತಿರಲಿಲ್ಲ," ಅಂದ ಭಾವ. ಅಡಿಕೆ ಸುಲಿಯುವ ಕತ್ತಿಯ ಮೇಲೆ ಅವನಿಗೆ ಅಷ್ಟು ನಂಬಿಕೆ.

ಅಕ್ಕ ಇಷ್ಟು ಹೊತ್ತು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದಳು. ನಮ್ಮಲ್ಲಿ ಎರಡೂ ಪುಸ್ತಕವನ್ನು ಕೊನೆಯ ಪುಟದವರೆಗೆ ಓದಿದವಳು ಅವಳೊಬ್ಬಳೇ, ಮಾಸ್ತರನ್ನು ಬಿಟ್ಟರೆ. ಮಾಸ್ತರು ಎರಡನೆಯದನ್ನು ಬೈಯುವುದಕ್ಕೇ ಓದಿದವರು. ಅದು ಲೆಕ್ಕಕ್ಕಿಲ್ಲ.

"ನಂಗೆ ಬೇಜಾರಾದದ್ದು ಆ ಜೊನಾಥನ್ನನ ಹೆಂಡತಿ ಮೀನಾಳ ವಿಷಯಕ್ಕೆ," ಅಂದಳು. "ಮೊದಲನೇ ಪುಸ್ತಕದಲ್ಲಿ ಕೆಲಸ ಮಾಡಿದವಳು ಅವಳೇ. ಎಲ್ಲರ ಡೈರಿ ಟೈಪ್ ಮಾಡಿ, ತಾರೀಖಿನ ಪ್ರಕಾರ ಜೋಡಿಸಿ ಇಟ್ಟಳು. ರೈಲಿನ ಟೈಮ್ ಟೇಬಲ್ ಬಾಯಿಪಾಠ. ಗಂಡಸರು, ನೀನು ಹೆಂಗಸು, ಹೆದರುತ್ತೀಯ, ಮಲಗು ಅಂತ ಅವಳನ್ನು ಬಿಟ್ಟು ಹೋದರು. ಅವನು ಬಂದು ಕಚ್ಚಿದ್ದು ಆವಾಗಲೇ. ಹೌದೋ ಅಲ್ವೋ?"

ಗಂಡಸರು ನಾವೆಲ್ಲ ಕಷಾಯ ಕುಡಿದೆವು.

"ಎರಡನೆಯದರಲ್ಲಿ 25 ವರ್ಷ ಕಳೆದಿದೆ. ಆವಾಗ ಅವನು ಕುಡಿಸಿದ ರಕ್ತದ ದೆಸೆಯಿಂದ ಅವಳ ಮುಖದಲ್ಲಿ ಒಂದು ಸುಕ್ಕಿಲ್ಲ. ಗಂಡ ಕುಡಿದು ಕುಡಿದು ಮುದುಕ. ಇದರಲ್ಲಿ ಹೆದರುವಂಥದ್ದು ಎಂತ ಇದ್ದು? ಇದೇ ಓಣಿಯಲ್ಲಿ ನಾಲ್ಕು ಮನೆ ತೋರಿಸ್ತೇನೆ. ಅದೂ ಹೋಗಲಿ, ಕೊನೆಗೆ ಅವಳಿಗೂ ಡ್ರಾಕುಲಾನಿಗೂ ಪ್ರೀತಿ ಅಂತ ಮಾಡಿಟ್ಟರು. ಅವಳ ಮಗನೂ ಡ್ರಾಕುಲಾನ ಮಗನೇ ಅಂತೆ! ಟೈಪ್‌ರೈಟರ್ ಎಲ್ಲಿ ಹೋಯಿತೋ ದೇವರಿಗೇ ಗೊತ್ತು."

"ಥೋ, ಅಮ್ಮಾ! ನಾನಿನ್ನೂ ಅಲ್ಲಿಗೆ ಬರಲಿಲ್ಲ!" ಮಾಣಿ ಪುಸ್ತಕ ಮುಚ್ಚಿದ.

"ತೆರೆದರೂ ಅಷ್ಟೇ ಮಾರಾಯ, ಮುಚ್ಚಿದರೂ ಅಷ್ಟೇ," ಅಂದರು ಮಾಸ್ತರು. "ಜ್ಯಾಕ್ ದಿ ರಿಪ್ಪರ್ ಇದ್ದಾನೆ. ಅವನ ಕೊಲೆಗಳು 1888ರವು. ಅದಕ್ಕೆ ತಾಳೆಯಾಗಲಿ ಅಂತ ಹಳೇ ಕಥೆಯ ಇಸವಿಯನ್ನೇ ಹಿಂದಕ್ಕೆ ಎಳೆದಿದ್ದಾರೆ. ಟೈಟಾನಿಕ್ ಇದೆ. ಸ್ವತಃ ಬ್ರಾಮ್ ಸ್ಟೋಕರ್ ಕೂಡ ಒಂದು ಪಾತ್ರ! ಜಾತ್ರೆಗೆ ಹೋದವರು ಚೀಲ ತುಂಬಿಸಿಕೊಂಡು ಬಂದ ಹಾಗೆ."

ಭಾವ ಇದಕ್ಕೆ ಒಪ್ಪಲಿಲ್ಲ. ತಾಳಮದ್ದಲೆ ಕೇಳಿ ಬೆಳೆದವನು, ಎದುರು ಪಕ್ಷ ಖಾಲಿ ಇದ್ದರೆ ತಾನೇ ಹೋಗಿ ಕೂರುತ್ತಾನೆ. "ಉತ್ತರಕಾಂಡವನ್ನೂ ಆಮೇಲೆ ಸೇರಿಸಿದ್ದು ಅಂತ ಪಂಡಿತರೇ ಹೇಳುತ್ತಾರೆ. ಅದು ಬೇಡ ಅಂದಿದ್ದರೆ ಲವಕುಶ ಪ್ರಸಂಗ ಎಲ್ಲಿಂದ ಬರುತ್ತಿತ್ತು? ಅಪ್ಪ ಯಾರು ಅಂತ ಗೊತ್ತಿಲ್ಲದ ಮಗ ಅಪ್ಪನ ಎದುರಿಗೇ ನಿಲ್ಲುವುದು. ಬಬ್ರುವಾಹನನೂ ಅಪ್ಪನ ಎದುರಿಗೇ ನಿಂತವನು. ಇವರೂ ಅದನ್ನೇ ಮಾಡಿದ್ದಾರೆ. ಅಡ್ಡಿಲ್ಲೆ."

ಘಟ್ಟದ ಕೆಳಗಿನವರಿಗೆ ಹೇಳಬೇಕು: 'ಅಡ್ಡಿಲ್ಲೆ' ಅಂದರೆ ನಮ್ಮಲ್ಲಿ ದೊಡ್ಡ ಹೊಗಳಿಕೆ. ಮದುವೆ ಊಟಕ್ಕೂ, ಅಳಿಯನಿಗೂ, ಅಡಿಕೆ ರೇಟಿಗೂ ಇದಕ್ಕಿಂತ ಮೇಲಿನ ಶಬ್ದ ನಾವು ಇಟ್ಟುಕೊಂಡಿಲ್ಲ.

"ಅಡ್ಡಿ ಇದೆ," ಅಂದೆ ನಾನು. ಅಷ್ಟು ಹೊತ್ತು ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದು ಆಗ ಬಾಯಿಗೆ ಬಂತು. "ಭಾವ, ಚಿಕ್ಕವರಿದ್ದಾಗ ಯಕ್ಷಗಾನದ ಆಟ ನೋಡಲಿಕ್ಕೆ ಹೋಗುತ್ತಿದ್ದೆವಲ್ಲ. ಬಣ್ಣದ ವೇಷ ಬರುವ ಮೊದಲು ಏನಾಗುತ್ತಿತ್ತು?"

ಭಾವನಿಗೆ ನೆನಪಿತ್ತು. ರಾಕ್ಷಸ ಮೊದಲು ಕಾಣುವುದೇ ಇಲ್ಲ. ಎಲ್ಲೋ ಕತ್ತಲಲ್ಲಿ ಒಂದು ಕೂಗು. ಚೆಂಡೆ ಏರುತ್ತದೆ. ದೀವಟಿಗೆಗೆ ರಾಳ ಎರಚಿದಾಗ ಭಗ್ಗನೆ ಬೆಂಕಿ. ಅಷ್ಟರಲ್ಲೇ ನಾನು ಅಕ್ಕನ ಸೆರಗಿನ ಒಳಗೆ. ಆ ವೇಷ ಪೂರ್ತಿ ಎದುರಿಗೆ ಬರುವ ಹೊತ್ತಿಗೆ ಹೆದರುವುದೆಲ್ಲ ಹೆದರಿ ಮುಗಿದಿರುತ್ತಿತ್ತು.

ಒಂದು ರಾತ್ರಿ ಧೈರ್ಯ ಮಾಡಿ, ವೇಷ ಕಟ್ಟುವ ಚೌಕಿಗೆ ಇಣುಕಿದ್ದೆ. ಆ ರಾಕ್ಷಸ ಅರ್ಧ ಮುಖ ಬಣ್ಣ ಬಳಿದುಕೊಂಡು ಚಾ ಕುಡಿಯುತ್ತಿದ್ದ. ಮುಖದ ಬಿಳಿ ಚುಟ್ಟಿ ಚಾದ ಲೋಟಕ್ಕೆ ತಾಗಬಾರದು ಅಂತ ತುಟಿ ಮುಂದೆ ಚಾಚಿ, ಸುರ್ ಅಂತ ಎಳೆಯುತ್ತಿದ್ದ. ನನ್ನನ್ನು ನೋಡಿ, "ಯಾರ ಮನೆ ಮಾಣಿಯೋ? ಬಿಸ್ಕತ್ತು ಬೇಕಾ?" ಅಂದ. ಬಿಸ್ಕತ್ತು ತಿಂದೆ. ಆಮೇಲೆ ರಂಗದ ಮೇಲೆ ಅವನು ಎಷ್ಟೇ ಅಬ್ಬರಿಸಿದರೂ ನನಗೆ ಕೇಳಿದ್ದು ಆ ಸುರ್ ಒಂದೇ.

"ಸ್ಟೋಕರ್ ಡ್ರಾಕುಲಾನ ಬಾಯಲ್ಲಿ ಕಥೆ ಹೇಳಿಸಲೇ ಇಲ್ಲ," ಅಂದೆ. "ಎಲ್ಲ ಬೇರೆಯವರ ಡೈರಿ, ಕಾಗದ, ಪೇಪರ್ ಸುದ್ದಿ. ನಾವು ಅವನನ್ನು ಮೊದಲ ನಾಲ್ಕು ಅಧ್ಯಾಯದಲ್ಲಿ ನೋಡುತ್ತೇವೆ, ಆಮೇಲೆ ಅವನು ಕಿಟಕಿಯ ಆಚೆ ಎಲ್ಲೋ ಇರುತ್ತಾನೆ. ಇವರು ನಮ್ಮನ್ನು ನೇರ ಚೌಕಿಗೇ ಕರೆದುಕೊಂಡು ಹೋದರು. ಅವನು ಒಳ್ಳೆಯವನು, ದೇವರ ಭಕ್ತ, ಪಾಪ ಮಗ ಇದ್ದಾನೆ..."

"ಬಿಸ್ಕತ್ತು ಕೊಟ್ಟರು," ಅಂದಳು ಅಕ್ಕ.

ನಾಯಕರಿಗೆ ಮಾತ್ರ ಹಡಗಿನದೇ ಚಿಂತೆ. ಮೂಲದಲ್ಲಿ ಡಿಮೀಟರ್ ಅನ್ನುವ ಹಡಗು ಬಿರುಗಾಳಿಯಲ್ಲಿ ವಿಟ್ಬಿ ಬಂದರಿಗೆ ಬಂದು ಬೀಳುತ್ತದೆ. ಚುಕ್ಕಾಣಿಗೆ ಕಟ್ಟಿದ ಕ್ಯಾಪ್ಟನ್ನನ ಹೆಣ, ಒಳಗೆ 50 ಪೆಟ್ಟಿಗೆ ಮಣ್ಣು. ಅದೊಂದು ಭಾಗ ಓದುವಾಗ ತಮಗೂ ಮೈ ಜುಮ್ಮೆಂದಿತ್ತು ಅಂತ ಒಪ್ಪಿಕೊಂಡರು. ಕಾರವಾರಕ್ಕೆ ಬಂದಿದ್ದರೆ ಹೇಗೆ ಅಂತಲೂ ಯೋಚಿಸಿದ್ದರಂತೆ.

"ಊರು ಬಿಡುವಾಗ ಊರ ಮಣ್ಣು ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋದನಾ?" ಭಾವ ಕೇಳಿದ. "ನಮ್ಮವನೇ ಇರಬೇಕು. ಈ ಮಾಣಿ ಬೆಂಗಳೂರಿಗೆ ಹೋಗುವಾಗ ಅಪ್ಪೆಮಿಡಿ ಭರಣಿ ಹೊತ್ತುಕೊಂಡು ಹೋಗುವುದಿಲ್ವಾ?"

"ಇಲ್ಲಿಗೆ ಬಂದಿದ್ದರೆ ಬೆಳ್ಳುಳ್ಳಿ ಒಗ್ಗರಣೆ ವಾಸನೆಗೇ ಓಡುತ್ತಿದ್ದ," ಅಂದ ಮಾಣಿ.

"ತಿಥಿ ದಿನ ಬಂದರೆ?" ಅಕ್ಕ ಕೇಳಿದಳು. "ಆವತ್ತು ಬೆಳ್ಳುಳ್ಳಿ ಎಲ್ಲಿಂದ ತರ್ತೀಯ?"

ಇದನ್ನು ಯಾರೂ ಯೋಚಿಸಿರಲಿಲ್ಲ. ಮಾಸ್ತರು ಮಾತ್ರ ಇನ್ನೊಂದು ದೊಡ್ಡ ಕಂಟಕ ಎತ್ತಿದರು. ಮನೆಯವರು ಯಾರಾದರೂ ಒಳಗೆ ಕರೆಯದೆ ಡ್ರಾಕುಲಾ ಮೊದಲ ಸಲ ಹೊಸಿಲು ದಾಟುವ ಹಾಗಿಲ್ಲ. ಒಮ್ಮೆ ಕರೆದರೆ ಮುಗಿಯಿತು, ಆಮೇಲೆ ಯಾವಾಗ ಬೇಕಾದರೂ ಬರಬಹುದು. "ನಮ್ಮ ಊರು ಉಳಿಯುತ್ತದಾ? ದಾರಿಯಲ್ಲಿ ಹೋಗುವವರನ್ನೂ ಕರೆದು ಕುಡಿಯಲಿಕ್ಕೆ ಆಸರಿಗೆ ಕೊಡುವ ಜನ ನಾವು."

"'ನಾಳೆ ಬಾ' ಅಂತ ಬಾಗಿಲ ಮೇಲೆ ಬರೆಯುವುದು," ಅಂದರು ನಾಯಕರು. "ಹಿಂದೆ ಬರೆದಿರಲಿಲ್ವಾ? ದೆವ್ವ ದಿನಾ ಬಂದು ಓದಿ ವಾಪಸ್ ಹೋಗುತ್ತದೆ."

"ಇವನಿಗೆ ಕನ್ನಡ ಬರಬೇಕಲ್ಲ!"

"ಇಂಗ್ಲೆಂಡಿಗೆ ಹೋಗುವ ಮೊದಲು ಪುಸ್ತಕ ಇಟ್ಟುಕೊಂಡು ಇಂಗ್ಲಿಷ್ ಕಲಿತವನು," ಅಂದರು ಮಾಸ್ತರು. "ಹೋದ ಊರಿನ ಭಾಷೆ ಕಲಿಯುವುದರಲ್ಲಿ ಅವನು ಎಷ್ಟೋ ಜನರಿಗಿಂತ ವಾಸಿ."

ನಗು ಇನ್ನೂ ನಿಂತಿರಲಿಲ್ಲ. ಅಂಗಳದ ಕತ್ತಲಲ್ಲಿ ಪಚಕ್ ಪಚಕ್ ಅಂತ ಹೆಜ್ಜೆ. ಮಳೆ ಸದ್ದಿನ ನಡುವೆ ದಪ್ಪ ದನಿ:

"ಒಳಗೆ ಬರ್ಲಾ?"

ಯಾರೂ ಉಸಿರೆತ್ತಲಿಲ್ಲ. ಮಾಣಿ ಪುಸ್ತಕವನ್ನು ಎದೆಗೆ ಹಿಡಿದುಕೊಂಡ. ಭಾವ ಕವಳ ನುಂಗಿದ. ನಿವೃತ್ತ ಮಾಸ್ತರು, ಇಡೀ ಊರಿಗೆ ವಿಚಾರವಾದಿ, ಸಣ್ಣ ದನಿಯಲ್ಲಿ ಅಂದರು, "ನಾಳೆ ಬಾ."

"ಅಡ್ಡಿಲ್ಲೆ," ಅಂತು ಕತ್ತಲು. "ನಾನು ಲೈನ್‌ಮ್ಯಾನು. ನಿಮ್ಮ ಹಲಸಿನ ಕೊಂಬೆ ತಂತಿ ಮೇಲೆ ಬಿದ್ದಿದ್ದು. ಕಡಿಯಲಿಕ್ಕೆ ಕತ್ತಿ ಕೇಳಲಿಕ್ಕೆ ಬಂದೆ. ನಾಳೆ ಆದರೆ ಕರೆಂಟೂ ನಾಳೆಯೇ."

"ಅಯ್ಯೋ, ಬನ್ನಿ ಬನ್ನಿ, ಆಸರಿಗೆ ಎಂತ ಬೇಕು?" ಅಕ್ಕ ಎದ್ದೇಬಿಟ್ಟಳು.

ಅವನು ಮೆಟ್ಟಿಲ ಮೇಲೆ ಕೂತು ಗಮ್‌ಬೂಟು ಎಳೆದ. ಹಿಮ್ಮಡಿಯಿಂದ ರಕ್ತ ಇಳಿಯುತ್ತಿತ್ತು. ಬೆರಳ ಸಂದಿಯಲ್ಲಿ ನಮ್ಮ ಕಾಡಿನ ಜಿಗಣೆ ಉಂಬಳ ರಕ್ತ ಕುಡಿದು ಕುಡಿದು ದ್ರಾಕ್ಷಿ ಹಣ್ಣಿನಷ್ಟಾಗಿತ್ತು. ಭಾವ ಕವಳದ ತಟ್ಟೆಯಿಂದ ಸುಣ್ಣ ತೆಗೆದು ಕೊಟ್ಟ. ಸುಣ್ಣ ತಾಗಿದ್ದೇ ಉಂಬಳ ಬಿತ್ತು, ಮಾಣಿ ಗಡಿಬಿಡಿಯಲ್ಲಿ ನೆಲದ ಮೇಲೆ ಇಟ್ಟಿದ್ದ ಪುಸ್ತಕದ ಮೇಲೆ.

"ಈ ಕಲೆ ನಂದಲ್ಲ," ಅಂದ ಭಾವ.